ಮುಖ ನೋಡಿ ಮಣೆ ಹಾಕದ ಸಡಿಲಿಕೆ: ವಿಶ್ವವಿದ್ಯಾಲಯದ ನೌಕರರು ಮತ್ತು ಮನೆ–ಕಚೇರಿ ನಡುವಿನ ಕೆಲಸ



ದತ್ತಿ ಉಪನ್ಯಾಸವೆಂದರೆ ಸಾಹಿತ್ಯ, ಇತಿಹಾಸ ಅಥವಾ ವಿಜ್ಞಾನದ ಮಾತು ಎಂಬುದು ರೂಢಿ. ವಿಶ್ವವಿದ್ಯಾಲಯವು ತನ್ನದೇ ಕಚೇರಿಯ ಬಗ್ಗೆ, ಅಲ್ಲಿ ಕಡತ ಎತ್ತಿಡುವವರ, ಅಂಕಪಟ್ಟಿ ಮುದ್ರಿಸುವವರ, ಪ್ರಯೋಗಾಲಯದ ಬೀಗ ತೆಗೆಯುವವರ ಬಗ್ಗೆ ವೇದಿಕೆಯ ಮೇಲೆ ಮಾತಾಡುವುದು ಅಪರೂಪ. ಇಂಥ ವಿಷಯಕ್ಕೆ ಅವಕಾಶ ಕೊಟ್ಟ ದತ್ತಿ ಸಮಿತಿಗೆ ಮೊದಲು ಕೃತಜ್ಞತೆ ಸಲ್ಲಿಸುತ್ತೇನೆ.

ವಾರದಲ್ಲಿ ಕೆಲವು ದಿನ ಕಚೇರಿಯಲ್ಲಿ, ಕೆಲವು ದಿನ ಮನೆಯಲ್ಲಿ ಕೆಲಸ ಮಾಡುವ ಪದ್ಧತಿಗೆ ಈಗ ಹೈಬ್ರಿಡ್ ಎಂಬ ಹೆಸರು ರೂಢಿಯಾಗಿದೆ. ಅದರಲ್ಲಿಯೂ ನಾನು ಇಂದು ಎತ್ತಿಕೊಂಡಿರುವುದು ಒಂದು ನಿರ್ದಿಷ್ಟ ಬಗೆಯನ್ನು. ಆದೇಶವಿಲ್ಲದೆ, ಸುತ್ತೋಲೆಯಿಲ್ಲದೆ ವಿಭಾಗದ ಮುಖ್ಯಸ್ಥರೂ ನೌಕರರೂ ತಮ್ಮತಮ್ಮಲ್ಲೇ ಮಾತಾಡಿಕೊಂಡು ಮಾಡಿಕೊಳ್ಳುವ ಅನೌಪಚಾರಿಕ ಏರ್ಪಾಡು ಅದು. ಮಾತನ್ನು ನಾಲ್ಕು ಭಾಗಗಳಲ್ಲಿ ಮುಂದಿಡುತ್ತೇನೆ. ಈ ಪದ್ಧತಿ ಬೇರೆಡೆ ಬೆಳೆದು ಬಂದ ಬಗೆ ಮೊದಲನೆಯದು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಅದು ಈಗಾಗಲೇ ಯಾವ ರೂಪದಲ್ಲಿದೆ ಎಂಬುದು ಎರಡನೆಯದು. ಯಾವ ಕೆಲಸ ಮನೆಗೆ ಹೋದೀತು, ಯಾವುದು ಹೋಗದು ಎಂಬುದು ಮೂರನೆಯದು. ಬಾಯಿಮಾತಿನ ಏರ್ಪಾಡಿನ ಅಪಾಯಗಳೂ ಅವಕ್ಕೆ ಪರಿಹಾರವೂ ಕೊನೆಯದು. ನನ್ನ ನಿಲುವನ್ನು ಈಗಲೇ ಹೇಳಿಬಿಡುತ್ತೇನೆ: ಸಡಿಲಿಕೆ ಇರಲಿ, ಆದರೆ ಅದು ಗುಟ್ಟಾಗಿರಬಾರದು. ಗುಟ್ಟಾಗಿ ಕೊಟ್ಟ ಸಡಿಲಿಕೆ ಬಲವುಳ್ಳವರ ಪಾಲಾಗುತ್ತದೆ.

ಮೊದಲ ಭಾಗಕ್ಕೆ ಬರುತ್ತೇನೆ. ಮನೆಯಿಂದ ಕೆಲಸ ಎನ್ನುವುದು ಕೋವಿಡ್ ಕಾಲದ ಕೂಸು ಎಂದು ಅನೇಕರು ತಿಳಿದಿದ್ದಾರೆ. ಈ ವಿಚಾರಕ್ಕೆ ಐವತ್ತು ವರ್ಷ ದಾಟಿದೆ. ಅದರ ಪೋಷಣೆ ಆದದ್ದೂ ಒಂದು ವಿಶ್ವವಿದ್ಯಾಲಯದಲ್ಲಿಯೇ. 1973ರಲ್ಲಿ ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಜ್ಯಾಕ್ ನಿಲ್ಸ್ ಇದಕ್ಕೆ 'ಟೆಲಿಕಮ್ಯೂಟಿಂಗ್' ಎಂದು ಹೆಸರಿಟ್ಟರು. ದಿನವೂ ಸಾವಿರಾರು ಜನರನ್ನು ಲಾಸ್ ಏಂಜಲೀಸಿನ ರಸ್ತೆಗಳ ಮೇಲೆ ಕೆಲಸದ ಕಡೆಗೆ ಸಾಗಿಸುವ ಬದಲು ಕೆಲಸವನ್ನೇ ಜನರ ಕಡೆಗೆ ಸಾಗಿಸಬಾರದೇಕೆ ಎಂಬುದು ಅವರ ಪ್ರಶ್ನೆ. ಒಂದು ವಿಮಾ ಕಂಪನಿಯ ನೌಕರರನ್ನು ಮನೆಗೆ ಹತ್ತಿರದ ಉಪಕಚೇರಿಗಳಲ್ಲಿ ಕೂರಿಸಿ ಅವರ ತಂಡ ಇದನ್ನು ಪರೀಕ್ಷಿಸಿತು. ಗಮನಿಸಿ, ಆಗ ಮನೆಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ, ಅಂತರ್ಜಾಲವೂ ಇರಲಿಲ್ಲ. ಪ್ರಶ್ನೆ ಹುಟ್ಟಿದ್ದು ದೂರ, ಸಮಯ ಮತ್ತು ಪೆಟ್ರೋಲಿನ ಲೆಕ್ಕದಿಂದ.

ಈ ವಿಚಾರ ಕಾನೂನಿನೊಳಗೆ ಹೆಜ್ಜೆ ಹೆಜ್ಜೆಯಾಗಿ ಬಂದದ್ದನ್ನು ಬ್ರಿಟನ್ನಿನಲ್ಲಿ ಸ್ಪಷ್ಟವಾಗಿ ನೋಡಬಹುದು. ಅಲ್ಲಿ 2003ರಲ್ಲಿ ಚಿಕ್ಕ ಮಕ್ಕಳ ತಂದೆತಾಯಂದಿರಿಗೆ ಕೆಲಸದ ವೇಳೆ ಅಥವಾ ಜಾಗದಲ್ಲಿ ಬದಲಾವಣೆ ಕೋರಿ ಅರ್ಜಿ ಹಾಕುವ ಹಕ್ಕು ಸಿಕ್ಕಿತು. ಆಮೇಲೆ ಆರೈಕೆ ಬೇಕಿರುವ ವಯಸ್ಕರನ್ನು ನೋಡಿಕೊಳ್ಳುವವರಿಗೂ ಅದು ವಿಸ್ತರಿಸಿತು. 2014ರ ಜೂನ್ 30ರಿಂದ, 26 ವಾರ ಸೇವೆ ಮುಗಿಸಿದ ಎಲ್ಲ ನೌಕರರಿಗೂ ದಕ್ಕಿತು. 2024ರ ಏಪ್ರಿಲ್ 6ರಿಂದ ಕೆಲಸಕ್ಕೆ ಸೇರಿದ ಮೊದಲ ದಿನವೇ ಅರ್ಜಿ ಕೊಡಬಹುದು; ವರ್ಷಕ್ಕೆ ಎರಡು ಸಲ ಕೇಳಬಹುದು; ಉದ್ಯೋಗದಾತರು ಎರಡು ತಿಂಗಳೊಳಗೆ ತೀರ್ಮಾನ ಹೇಳಬೇಕು; ನಿರಾಕರಿಸುವ ಮುನ್ನ ನೌಕರರೊಡನೆ ಮಾತಾಡಬೇಕು. ನಿರಾಕರಣೆಗೆ ಕಾನೂನು ಎಂಟು ಕಾರಣಗಳನ್ನು ಪಟ್ಟಿ ಮಾಡಿದೆ. ಹೆಚ್ಚುವರಿ ಖರ್ಚು, ಕೆಲಸವನ್ನು ಉಳಿದವರಲ್ಲಿ ಹಂಚಲು ಆಗದಿರುವುದು, ಗುಣಮಟ್ಟಕ್ಕೆ ಪೆಟ್ಟು, ಸೇವೆ ಕೇಳಿ ಬರುವವರಿಗೆ ಅಡಚಣೆ ಮುಂತಾದವು ಅವು. 'ನನಗೆ ಇಷ್ಟವಿಲ್ಲ' ಎಂಬುದು ಆ ಪಟ್ಟಿಯಲ್ಲಿಲ್ಲ.

ಇಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ತಾಗುವ ಸಂಗತಿಯೊಂದಿದೆ. ಬ್ರಿಟನ್ನಿನ ಅನೇಕ ವಿಶ್ವವಿದ್ಯಾಲಯಗಳು ಎರಡು ದಾರಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡಿವೆ. ಒಂದು, ಈಗ ಹೇಳಿದ ಕಾನೂನಿನ ದಾರಿ. ಅದರಲ್ಲಿ ಅರ್ಜಿ ಒಪ್ಪಿಗೆಯಾದರೆ ನೌಕರಿಯ ಕರಾರೇ ಬದಲಾಗುತ್ತದೆ. ಇನ್ನೊಂದು ಅನೌಪಚಾರಿಕ ಹೈಬ್ರಿಡ್ ದಾರಿ. ಇದರಲ್ಲಿ ಕರಾರು ಇದ್ದ ಹಾಗೇ ಇರುತ್ತದೆ, ಕೆಲಸದ ಸ್ಥಳ ಎಂದು ಬರೆದಿರುವುದು ಕ್ಯಾಂಪಸ್ಸೇ. ವಾರಕ್ಕೆ ಇಷ್ಟು ದಿನ ಮನೆಯಿಂದ ಮಾಡುತ್ತೇನೆ ಎಂದು ಮೇಲಧಿಕಾರಿಯೊಡನೆ ಮಾತಾಗುತ್ತದೆ. ಆಗಾಗ ಅದರ ಪರಿಶೀಲನೆ ನಡೆಯುತ್ತದೆ. ಪ್ರವೇಶಾತಿಯ ಸಮಯದಲ್ಲೋ ಪರೀಕ್ಷೆಯ ಸಮಯದಲ್ಲೋ ಬರಲೇಬೇಕೆಂದರೆ ಬರಬೇಕು. ಮನೆಯಿಂದ ಕ್ಯಾಂಪಸ್ಸಿಗೆ ಬಂದ ದಿನದ ಬಸ್ ಖರ್ಚನ್ನು ಕೇಳುವಂತಿಲ್ಲ. ಇಬ್ಬರಿಗೂ ಅನುಕೂಲವಿರುವ ತನಕ ಇದು ಚೆನ್ನಾಗಿಯೇ ನಡೆಯುತ್ತದೆ. ಆದರೆ ಹಿಂತೆಗೆದುಕೊಳ್ಳುವ ಅಧಿಕಾರ ಹೆಚ್ಚಾಗಿ ಒಂದೇ ಕಡೆ ಇರುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ; ನಾಲ್ಕನೆಯ ಭಾಗದಲ್ಲಿ ಇದು ಮತ್ತೆ ಬೇಕಾಗುತ್ತದೆ.

ಇನ್ನು ಎರಡನೆಯ ಭಾಗ: ನಮ್ಮ ಮನೆಯ ಮಾತು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹೈಬ್ರಿಡ್ ಇಲ್ಲ ಎನ್ನುವವರು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯನ್ನು ಮತ್ತೊಮ್ಮೆ ಓದಬೇಕು. ಪೂರ್ಣಾವಧಿ ಅಧ್ಯಾಪಕರ ಕಾರ್ಯಭಾರ ವಾರಕ್ಕೆ 40 ಗಂಟೆಗೆ ಕಡಿಮೆಯಿರಬಾರದು, ವರ್ಷದಲ್ಲಿ 30 ವಾರ, ಅಂದರೆ 180 ಬೋಧನಾ ದಿನ ಎಂದು ಅದು ಹೇಳುತ್ತದೆ. ನೇರ ಬೋಧನೆ ಸಹಾಯಕ ಪ್ರಾಧ್ಯಾಪಕರಿಗೆ 16 ಗಂಟೆ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14 ಗಂಟೆ. ಅದೇ ನಿಯಮ, ಅಧ್ಯಾಪಕರು ದಿನಕ್ಕೆ ಕನಿಷ್ಠ 5 ಗಂಟೆ ಕಾಲೇಜಿನಲ್ಲಿ ಅಥವಾ ವಿಶ್ವವಿದ್ಯಾಲಯದಲ್ಲಿ ಲಭ್ಯವಿರಬೇಕು ಎನ್ನುತ್ತದೆ. ಈಗ ಲೆಕ್ಕ ಹಾಕಿ. 30 ವಾರಕ್ಕೆ 180 ದಿನವೆಂದರೆ ವಾರಕ್ಕೆ ಆರು ದಿನ. ಆರು ಐದಲ ಮೂವತ್ತು. ಉಳಿದ 10 ಗಂಟೆ ಎಲ್ಲಿ? ನಿಯಮ ಹೇಳುವುದಿಲ್ಲ. ಎಲ್ಲರಿಗೂ ಗೊತ್ತಿರುವ ಉತ್ತರ: ಮನೆಯ ಮೇಜಿನ ಮೇಲೆ. ಪಾಠದ ತಯಾರಿ, ಸಂಶೋಧನಾ ಪ್ರಬಂಧದ ತಿದ್ದುಪಡಿ, ಪ್ರಶ್ನೆಪತ್ರಿಕೆಯ ರಚನೆ ಎಲ್ಲವೂ ಅಲ್ಲೇ ನಡೆಯುತ್ತವೆ. ಅಧ್ಯಾಪಕರ ಮಟ್ಟಿಗೆ ಹೈಬ್ರಿಡ್ ಹೊಸದಲ್ಲ. ಕಣ್ಣೆದುರು ಇಲ್ಲದಿದ್ದರೂ ಕೆಲಸ ಮಾಡುತ್ತಾರೆ ಎಂಬ ನಂಬಿಕೆಯ ಮೇಲೆಯೇ ಅವರ ವೃತ್ತಿ ನಿಂತಿದೆ.

ಅದೇ ಕಟ್ಟಡದ ಕೆಳಮಹಡಿಗೆ ಇಳಿದರೆ ಲೋಕವೇ ಬೇರೆ. ಅಲ್ಲಿ ಪ್ರಥಮ ದರ್ಜೆ ಸಹಾಯಕರು, ದ್ವಿತೀಯ ದರ್ಜೆ ಸಹಾಯಕರು, ಅಧೀಕ್ಷಕರು, ಬೆರಳಚ್ಚುಗಾರರು ಇದ್ದಾರೆ. ಅವರ ಕೆಲಸವನ್ನು ಅಳೆಯುವುದು ಹಾಜರಾತಿ ಪುಸ್ತಕ ಮತ್ತು ಬೆರಳ ಗುರುತು ಪಡೆಯುವ ಯಂತ್ರ. ಹೊರಗೆ ಹೋದರೆ ಚಲನವಲನ ವಹಿಯಲ್ಲಿ ಬರೆಯಬೇಕು. ಅಧ್ಯಾಪಕರ ಮೇಲೆ ಇಟ್ಟಿರುವ ನಂಬಿಕೆಯಲ್ಲಿ ಕಾಲು ಪಾಲನ್ನೂ ನಾವು ಇವರ ಮೇಲೆ ಇಟ್ಟಿಲ್ಲ.

ಇದಕ್ಕೆ ಭೂಗೋಳವನ್ನೂ ಸೇರಿಸಿಕೊಳ್ಳಿ. ನಮ್ಮ ಎಷ್ಟೋ ವಿಶ್ವವಿದ್ಯಾಲಯಗಳು ಊರ ಹೊರಗಿವೆ. ಮಂಗಳೂರು ವಿಶ್ವವಿದ್ಯಾಲಯ ಕೊಣಾಜೆಯ ಗುಡ್ಡದ ಮೇಲಿದೆ, ಕುವೆಂಪು ವಿಶ್ವವಿದ್ಯಾಲಯ ಶಂಕರಘಟ್ಟದಲ್ಲಿದೆ, ಕನ್ನಡ ವಿಶ್ವವಿದ್ಯಾಲಯ ಹಂಪಿಯ ಬಳಿ ಇದೆ. ನೌಕರರ ಮನೆ, ಮಕ್ಕಳ ಶಾಲೆ, ಆಸ್ಪತ್ರೆ ಇರುವುದು ಮಂಗಳೂರು, ಶಿವಮೊಗ್ಗ, ಹೊಸಪೇಟೆಗಳಲ್ಲಿ. ಹೋಗಿ ಬರುವ ಪ್ರಯಾಣ ದಿನದ ಒಂದು ಭಾಗವನ್ನೇ ನುಂಗುತ್ತದೆ. ಲಾಸ್ ಏಂಜಲೀಸಿನಲ್ಲಿ ನಿಲ್ಸ್ ಹಾಕಿದ ಲೆಕ್ಕ ಇಲ್ಲಿಗೂ ಹೊಂದುತ್ತದೆ.

ಹಾಜರಾತಿ ಪುಸ್ತಕದ ಈ ಗೋಡೆಯಲ್ಲಿ 2020ರ ಮಾರ್ಚ್ ಬಿರುಕು ಮೂಡಿಸಿತು. ಆ ತಿಂಗಳ 19ರಂದು ಕೇಂದ್ರದ ಸಿಬ್ಬಂದಿ ಇಲಾಖೆ ತನ್ನ 'ಬಿ' ಮತ್ತು 'ಸಿ' ವರ್ಗದ ನೌಕರರಲ್ಲಿ ಅರ್ಧದಷ್ಟು ಮಂದಿ ಕಚೇರಿಗೆ ಬಂದು, ಉಳಿದವರು ಮನೆಯಿಂದ ಕೆಲಸ ಮಾಡಲಿ ಎಂದು ಸೂಚಿಸಿತು. ಕೆಲವೇ ದಿನಗಳಲ್ಲಿ ದೇಶವೇ ಬಾಗಿಲು ಹಾಕಿತು. ಮೇ ತಿಂಗಳಲ್ಲಿ ಅದೇ ಇಲಾಖೆ ಒಂದು ಕರಡನ್ನು ಅಭಿಪ್ರಾಯಕ್ಕಾಗಿ ಕಳಿಸಿತು. ವರ್ಷಕ್ಕೆ 15 ದಿನ ಮನೆಯಿಂದ ಕೆಲಸ ಮಾಡುವ ಆಯ್ಕೆಯನ್ನು ನೀತಿಯಾಗಿಯೇ ಕೊಡಬಹುದೇ ಎಂದು ಅದರಲ್ಲಿ ಕೇಳಿತ್ತು. ಇದಕ್ಕೂ ಮೊದಲೇ, 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ಬಂದ ತಿದ್ದುಪಡಿ, ರಜೆ ಮುಗಿದ ತಾಯಿಗೆ ಕೆಲಸದ ಸ್ವರೂಪ ಅವಕಾಶ ಕೊಟ್ಟರೆ ಪರಸ್ಪರ ಒಪ್ಪಿದ ಷರತ್ತಿನ ಮೇಲೆ ಮನೆಯಿಂದ ಕೆಲಸ ಮಾಡಿಸಬಹುದು ಎಂದಿತ್ತು. ಆ ಅವಕಾಶ ಯಾವ ಸಂಸ್ಥೆಗೆ ಹೇಗೆ ಅನ್ವಯಿಸುತ್ತದೆ ಎಂಬ ಚರ್ಚೆ ಬೇರೆ. 'ಪರಸ್ಪರ ಒಪ್ಪಿದ' ಎಂಬ ತತ್ತ್ವ ನಮ್ಮ ಕಾನೂನಿಗೆ ಪರಕೀಯವಲ್ಲ ಎಂಬುದಷ್ಟೇ ಇಲ್ಲಿ ಮುಖ್ಯ.

ಈಗ ಮೂರನೆಯ ಭಾಗ. ಯಾವ ಕೆಲಸ ಮನೆಗೆ ಹೋದೀತು? ಈ ಪ್ರಶ್ನೆ ಬಂದ ಕೂಡಲೇ ನಾವು ಹುದ್ದೆಗಳ ಪಟ್ಟಿ ತೆಗೆಯುತ್ತೇವೆ. ಪ್ರೋಗ್ರಾಮರ್‌ಗೆ ಆಗುತ್ತದೆ, ಗುಮಾಸ್ತರಿಗೆ ಆಗುವುದಿಲ್ಲ ಎಂದು ಗೆರೆ ಎಳೆಯುತ್ತೇವೆ. ಹುದ್ದೆಯನ್ನು ಬದಿಗಿಟ್ಟು ಕೆಲಸವನ್ನು ಬಿಡಿಸಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ.

ಸಿಂಧನೂರಿನ ಕಡೆಯ ಒಬ್ಬ ವಿದ್ಯಾರ್ಥಿನಿಯ ಅಂಕಪಟ್ಟಿಯಲ್ಲಿ ಅವಳ ಹೆಸರಿನ ಒಂದಕ್ಷರ ತಪ್ಪಾಗಿದೆ ಎಂದುಕೊಳ್ಳಿ. ನೌಕರಿಯ ದಾಖಲೆ ಪರಿಶೀಲನೆ ಹತ್ತಿರ ಬಂದಿದೆ. ಅವಳು ರಾತ್ರಿ ಬಸ್ಸು ಹಿಡಿದು ಬೆಳಿಗ್ಗೆ ಪರೀಕ್ಷಾಂಗದ ಕಿಟಕಿಯ ಮುಂದೆ ನಿಂತಿದ್ದಾಳೆ. ಅವಳ ಅರ್ಜಿ ಎಷ್ಟು ಕೈ ದಾಟಬೇಕು? ಮೊದಲು ಅರ್ಜಿ, ಶುಲ್ಕದ ರಸೀದಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ನಕಲು ಸ್ವೀಕರಿಸಬೇಕು. ಆಮೇಲೆ ವಿಷಯ ನಿರ್ವಾಹಕರು ಅದನ್ನು ಫಲಿತಾಂಶದ ಲೆಡ್ಜರಿನೊಡನೆ ತಾಳೆ ನೋಡಬೇಕು. ಟಿಪ್ಪಣಿ ಬರೆದು ಅಧೀಕ್ಷಕರಿಗೆ ಕಳಿಸಬೇಕು. ಅದು ಸಹಾಯಕ ಕುಲಸಚಿವರು, ಉಪ ಕುಲಸಚಿವರನ್ನು ದಾಟಿ ಮೌಲ್ಯಮಾಪನ ಕುಲಸಚಿವರ ಅನುಮೋದನೆ ಪಡೆಯಬೇಕು. ಖಾಲಿ ಅಂಕಪಟ್ಟಿಯ ಹಾಳೆಯನ್ನು ದಾಸ್ತಾನು ವಹಿಯಲ್ಲಿ ಕ್ರಮಸಂಖ್ಯೆ ಬರೆದು ಹೊರತೆಗೆದು ಮುದ್ರಿಸಬೇಕು. ಕೊನೆಗೆ ಹಳೆಯದನ್ನು ಹಿಂಪಡೆದು, ಸಹಿ ಹಾಕಿಸಿಕೊಂಡು ಹೊಸದನ್ನು ಕೊಡಬೇಕು.

ಇವುಗಳಲ್ಲಿ ಯಾವುದಕ್ಕೆ ಕಟ್ಟಡವೇ ಬೇಕು? ಅರ್ಜಿಯನ್ನು ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಬಹುದು. ಹಾಗೆ ಮಾಡಿದ್ದರೆ ಅವಳು ರಾತ್ರಿ ಬಸ್ಸು ಹತ್ತಬೇಕಾಗಿಯೇ ಇರಲಿಲ್ಲ. ಲೆಡ್ಜರು ಇತ್ತೀಚಿನದಾದರೆ ಗಣಕದಲ್ಲಿದೆ. ಇಪ್ಪತ್ತು ವರ್ಷ ಹಿಂದಿನದಾದರೆ ದಾಖಲೆ ಕೋಣೆಯ ಕಪಾಟಿನಲ್ಲಿ ದಪ್ಪ ರಟ್ಟಿನ ಸಂಪುಟವಾಗಿ ಕೂತಿದೆ, ಅದಕ್ಕೆ ಅಲ್ಲಿಗೇ ಹೋಗಬೇಕು. ಟಿಪ್ಪಣಿ ಮತ್ತು ಅನುಮೋದನೆಗಳು ಇ-ಆಫೀಸ್ ಇದ್ದಲ್ಲಿ ಎಲ್ಲಿಂದಲಾದರೂ ಆಗುತ್ತವೆ. ಮುದ್ರಣವೂ ವಿತರಣೆಯೂ ಪರೀಕ್ಷಾಂಗ ಬಿಟ್ಟು ಕದಲುವಂತಿಲ್ಲ. ಅಂದರೆ ಒಬ್ಬ ವಿಷಯ ನಿರ್ವಾಹಕರ ಒಂದೇ ಕೆಲಸದೊಳಗೆ ಮನೆಗೆ ಹೋಗುವ ಭಾಗವೂ ಇದೆ, ಹೋಗಲಾರದ ಭಾಗವೂ ಇದೆ. ವಾರದಲ್ಲಿ ಒಂದು ದಿನ ಫೋನು, ಕಿಟಕಿ, 'ಸಾರ್ ಇದ್ದಾರಾ' ಎಂಬ ಪ್ರಶ್ನೆಗಳ ಕಾಟವಿಲ್ಲದೆ ಟಿಪ್ಪಣಿಗಳನ್ನೇ ಬರೆದರೆ ಬಾಕಿ ಕಡತ ಬೇಗ ಕರಗುತ್ತದೆ. ಕಚೇರಿಯಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಂತ್ರಜ್ಞಾನ ಇದ್ದ ಮಾತ್ರಕ್ಕೆ ಎಲ್ಲವೂ ಮನೆಗೆ ಹೋಗಬೇಕು ಎಂದಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಉತ್ತರಪತ್ರಿಕೆಗಳನ್ನು ಸ್ಕ್ಯಾನ್ ಮಾಡಿಸಿ ಪರದೆಯ ಮೇಲೆ ಮೌಲ್ಯಮಾಪನ ಮಾಡಿಸುವ ಪದ್ಧತಿಯನ್ನು ತಂದಿತು. ಪರದೆ ಎಲ್ಲಿದ್ದರೂ ಪರದೆಯೇ. ಆದರೆ ಪರೀಕ್ಷೆಯ ಗೋಪ್ಯತೆಗೆ ಗೊತ್ತುಪಡಿಸಿದ ಕೇಂದ್ರ, ಮೇಲ್ವಿಚಾರಣೆ ಬೇಕೆಂದರೆ ಅದು ನ್ಯಾಯವಾದ ಕಾರಣ. ಹಾಗೆಯೇ ವಿದ್ಯಾರ್ಥಿಗಳ ಜಾತಿ, ಆದಾಯ, ಆಧಾರ್, ಬ್ಯಾಂಕ್ ಖಾತೆಯ ವಿವರ ಇರುವ ವಿದ್ಯಾರ್ಥಿವೇತನದ ಕಡತವನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋಗುವುದಾಗಲೀ ಸ್ವಂತ ವಾಟ್ಸ್ಯಾಪ್‌ನಲ್ಲಿ ಹಂಚುವುದಾಗಲೀ ಸಲ್ಲದು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂದ ಮೇಲಂತೂ ಈ ಎಚ್ಚರ ಇನ್ನೂ ಹೆಚ್ಚಬೇಕು.

ಮನೆಯಲ್ಲಿ ಕೆಲಸ ನಿಜವಾಗಿಯೂ ಆಗುತ್ತದೆಯೇ ಎಂಬ ಸಂದೇಹಕ್ಕೆ ಸಂಶೋಧನೆ ಒಂದೇ ಉತ್ತರ ಕೊಡುವುದಿಲ್ಲ. ಚೀನಾದ ಪ್ರವಾಸ ಕಂಪನಿಯೊಂದರ ಕಾಲ್ ಸೆಂಟರಿನಲ್ಲಿ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು 2010–11ರಲ್ಲಿ ನಡೆಸಿದ ಪ್ರಯೋಗದಲ್ಲಿ, ಮನೆಯಿಂದ ದುಡಿದವರ ಸಾಧನೆ ಶೇ. 13ರಷ್ಟು ಹೆಚ್ಚಿತು. ಆದರೆ ಅಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಅವರಿಗೆ ಬಡ್ತಿ ಕಡಿಮೆ ಸಿಕ್ಕಿತು. ಅದೇ ಕಂಪನಿಯ 1,612 ನೌಕರರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ವಾರಕ್ಕೆ ಎರಡು ದಿನ ಮಾತ್ರ ಮನೆಯಿಂದ ಮಾಡುವ ಪದ್ಧತಿಯನ್ನು ನೋಡಿತು. ಕೆಲಸದ ಗುಣಮಟ್ಟ ತಗ್ಗಲಿಲ್ಲ, ಬಡ್ತಿಗೆ ಪೆಟ್ಟಾಗಲಿಲ್ಲ, ಕೆಲಸ ಬಿಟ್ಟು ಹೋಗುವವರ ಪ್ರಮಾಣ ಮೂರನೇ ಒಂದು ಭಾಗದಷ್ಟು ಇಳಿಯಿತು. ನಮ್ಮ ನೆರೆಯ ಚೆನ್ನೈನಲ್ಲಿ ಡೇಟಾ ಎಂಟ್ರಿ ಕೆಲಸಗಾರರ ಮೇಲೆ ನಡೆದ ಪ್ರಯೋಗದಲ್ಲಿ ಮಾತ್ರ, ಪೂರ್ತಿ ಮನೆಯಿಂದಲೇ ದುಡಿದವರ ಉತ್ಪಾದಕತೆ ಕಚೇರಿಯವರಿಗಿಂತ ಶೇ. 18ರಷ್ಟು ಕಡಿಮೆಯಿತ್ತು. ಈ ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ನನಗೆ ತೋಚುವುದು ಇಷ್ಟು: ಪೂರ್ತಿ ಮನೆಗಿಂತ ಮಿಶ್ರ ಪದ್ಧತಿ ಸುರಕ್ಷಿತ, ಮನೆಯ ಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ನೀತಿ ಸೋಲುತ್ತದೆ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅತ್ತೆ, ಮಾವ, ಪರೀಕ್ಷೆಗೆ ಓದುವ ಮಗ, ಒಂದೇ ಮೇಜು ಇರುವ ಸಹಾಯಕಿಗೆ ಮನೆಯಿಂದ ಕೆಲಸ ಎಂಬುದು ವರವಾಗಬೇಕೆಂದಿಲ್ಲ. ಆಕೆಗೆ ಬೇಡವೆನ್ನುವ ಸ್ವಾತಂತ್ರ್ಯವೂ ಇರಬೇಕು.

ಕೊನೆಯ ಭಾಗಕ್ಕೆ ಬಂದಿದ್ದೇನೆ. ಇಷ್ಟೆಲ್ಲ ಒಳ್ಳೆಯದಿದ್ದರೆ ಬಾಯಿಮಾತಿನಲ್ಲೇ ನಡೆಯಲಿ, ಬರಹ ಯಾಕೆ ಎಂದು ಕೇಳಬಹುದು. ನಾನು ಕಣ್ಣಾರೆ ಕಂಡ ಒಂದು ಪ್ರಸಂಗ ಹೇಳುತ್ತೇನೆ, ಸಂಸ್ಥೆಯ ಹೆಸರು ಬೇಡ. ಒಬ್ಬ ಸಹಾಯಕಿಗೆ ವಿಭಾಗದ ಅಧ್ಯಕ್ಷರು, 'ಶನಿವಾರ ಬರಬೇಡಿಯಮ್ಮ, ಪಿಎಚ್.ಡಿ. ವರದಿಗಳ ಪಟ್ಟಿಯನ್ನು ಮನೆಯಲ್ಲೇ ಮುಗಿಸಿ ಕಳಿಸಿ' ಎಂದಿದ್ದರು. ಪಟ್ಟಿ ಪ್ರತಿ ವಾರ ತಪ್ಪದೆ ಬರುತ್ತಿತ್ತು, ಯಾರಿಗೂ ತಕರಾರಿರಲಿಲ್ಲ. ಅಧ್ಯಕ್ಷತೆ ನಮ್ಮಲ್ಲಿ ಸರದಿಯ ಮೇಲೆ ಬದಲಾಗುತ್ತದೆ. ಹೊಸಬರು ಬಂದು ಹಾಜರಾತಿ ಪುಸ್ತಕ ತೆರೆದರು. 'ಶನಿವಾರದ ಸಹಿ ಎಲ್ಲಿ? ಯಾರು ಹೇಳಿದ್ದು? ಆದೇಶ ತೋರಿಸಿ' ಎಂದರು. ತೋರಿಸಲು ಆ ಸಹಾಯಕಿಯ ಬಳಿ ಏನೂ ಇರಲಿಲ್ಲ. ಕಾರಣ ಕೇಳಿ ಮೆಮೊ ಬಂತು, ಆ ಶನಿವಾರಗಳೆಲ್ಲ ಅವರ ರಜೆಯ ಲೆಕ್ಕಕ್ಕೆ ಹೋದವು. ಹಳೆಯ ಅಧ್ಯಕ್ಷರದು ತಪ್ಪಲ್ಲ, ಹೊಸಬರು ನಿಯಮ ಮೀರಿದವರೂ ಅಲ್ಲ. ನಡುವೆ ಒಂದು ಹಾಳೆ ಇರಲಿಲ್ಲ, ಅಷ್ಟೆ.

ಇದು ಬಾಯಿಮಾತಿನ ಮೊದಲ ಅಪಾಯ: ಅಧಿಕಾರಿ ಬದಲಾದರೆ ಏರ್ಪಾಡು ಅಪರಾಧವಾಗುತ್ತದೆ. ಎರಡನೆಯದು ಪಕ್ಷಪಾತ. ಕೇಳುವ ಧೈರ್ಯ ಇರುವವರಿಗೆ, ಅಧಿಕಾರಿಗೆ ಹತ್ತಿರದವರಿಗೆ ಸಿಗುತ್ತದೆ. ಹೊರಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರು ಕೇಳುವುದೇ ಇಲ್ಲ. ಮುಖ ನೋಡಿ ಮಣೆ ಹಾಕುವುದು ಎಂದರೆ ಇದೇ. ಮೂರನೆಯದು ವೇಳೆಯ ಗೆರೆ ಅಳಿಸಿಹೋಗುವುದು. ಮನೆಯಲ್ಲೇ ಇದ್ದೀರಲ್ಲ ಎಂದು ರಾತ್ರಿ ಹತ್ತಕ್ಕೆ ಅಂಕಿಅಂಶ ಕೇಳುವ ಸಂದೇಶ ಬರುತ್ತದೆ. ನಾಲ್ಕನೆಯದು ನಮ್ಮ ಸಿಂಧನೂರಿನ ವಿದ್ಯಾರ್ಥಿನಿಯದು. 'ಆ ಮೇಡಂ ಇವತ್ತು ಬರಲ್ಲ, ನಾಳೆ ಬಾಮ್ಮ' ಎಂಬ ಉತ್ತರ. ಅಂಥ ಸಡಿಲಿಕೆಯ ಬೆಲೆಯನ್ನು ಅವಳು ತೆರುತ್ತಾಳೆ.

ಆದ್ದರಿಂದ ನನ್ನ ಸಲಹೆಗಳು ಐದು.

ಮೊದಲನೆಯದು, ಒಂದು ಪುಟದ ಒಪ್ಪಂದ. ಯಾವ ಕೆಲಸ, ಯಾವ ದಿನ, ಯಾವ ವೇಳೆಯಲ್ಲಿ ಫೋನಿಗೆ ಸಿಗಬೇಕು, ಯಾವ ವೇಳೆಯ ನಂತರ ಸಿಗಬೇಕಿಲ್ಲ, ಗೈರಿನಲ್ಲಿ ಕಿಟಕಿ ನೋಡುವವರು ಯಾರು, ಪರಿಶೀಲನೆ ಯಾವ ತಿಂಗಳು ಎಂಬುದಷ್ಟೇ ಅದರಲ್ಲಿರಲಿ. ಇದಕ್ಕೆ ಸಿಂಡಿಕೇಟಿನ ಠರಾವು ಪ್ರತಿ ಸಲ ಬೇಡ. ಒಮ್ಮೆ ಚೌಕಟ್ಟು ಒಪ್ಪಿದರೆ ಸಾಕು. ಇಬ್ಬರ ಸಹಿ, ಸಿಬ್ಬಂದಿ ಶಾಖೆಗೆ ಒಂದು ಪ್ರತಿ. ಮಾಹಿತಿ ಹಕ್ಕಿನಲ್ಲಿ ಯಾರಾದರೂ ಕೇಳಿದರೆ ಈ ಹಾಳೆಯೇ ಉತ್ತರ. ಬಾಯಿಮಾತಿಗೆ ಅಲ್ಲಿ ಉತ್ತರವಿಲ್ಲ.

ಎರಡನೆಯದು, ನಿರಾಕರಿಸುವ ಮುಖ್ಯಸ್ಥರು ಕಾರಣವನ್ನು ನಿಗದಿತ ದಿನಗಳೊಳಗೆ ಬರೆದು ಕೊಡಲಿ. ಕೊಟ್ಟದ್ದನ್ನು ಹಿಂತೆಗೆದುಕೊಳ್ಳುವಾಗಲೂ ಮುನ್ಸೂಚನೆ ಇರಲಿ. ಗಡುವಿನೊಳಗೆ ಕಾರಣ ಕೊಟ್ಟು ಉತ್ತರಿಸುವ ಈ ಶಿಸ್ತೊಂದನ್ನೇ ನಾವು ಬ್ರಿಟನ್ನಿನ ಕಾನೂನಿನಿಂದ ಎರವಲು ತರಬೇಕು.

ಮೂರನೆಯದು, ಸಾರ್ವಜನಿಕರ ಕಿಟಕಿ ಯಾವ ದಿನವೂ ಮುಚ್ಚಬಾರದು. ಇಬ್ಬರು ಒಂದೇ ವಿಷಯವನ್ನು ಬಲ್ಲವರಾಗಿರಬೇಕು. ಇದು ಹೈಬ್ರಿಡ್ ಇಲ್ಲದಿದ್ದರೂ ಆಗಬೇಕಾದ ಸುಧಾರಣೆ.

ನಾಲ್ಕನೆಯದು ಸಮಾನತೆ. ತೋಟದ ಮಾಲಿ, ಪ್ರಯೋಗಾಲಯದ ಅಟೆಂಡರ್, ಹಾಸ್ಟೆಲ್ಲಿನ ಅಡುಗೆಯವರು, ಕಾವಲುಗಾರರು ಮನೆಯಿಂದ ಕೆಲಸ ಮಾಡಲಾರರು. ಅವರಿಗೆ ಪಾಳಿ ಆರಿಸಿಕೊಳ್ಳುವ, ಅದಲುಬದಲು ಮಾಡಿಕೊಳ್ಳುವ, ಬೆಳಿಗ್ಗೆ ಅರ್ಧ ಗಂಟೆ ಹಿಂದೆಮುಂದೆ ಬರುವ ಅವಕಾಶ ಕೊಡೋಣ. ಜಾಗದ ಸಡಿಲಿಕೆ ಸಿಗದವರಿಗೆ ಸಮಯದ ಸಡಿಲಿಕೆ ಸಿಗಲಿ.

ಐದನೆಯದು, ಅಳತೆಗೋಲು. ಈ ವಿಷಯದಲ್ಲಿ ಕರ್ನಾಟಕಕ್ಕೆ ತನ್ನದೇ ಅನುಭವವಿದೆ. 2011ರ ಸಕಾಲ ಕಾಯ್ದೆ ಸೇವೆಗಳಿಗೆ ದಿನದ ಗಡುವು ಹಾಕಿತು. ಗಡುವು ಮೀರಿದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಎಂದಿತು. ಅಧಿಕಾರಿ ಕುರ್ಚಿಯಲ್ಲಿ ಎಷ್ಟು ಹೊತ್ತು ಕೂತಿದ್ದರು ಎಂದು ಆ ಕಾಯ್ದೆ ಕೇಳುವುದಿಲ್ಲ; ಕೆಲಸ ಯಾವಾಗ ಮುಗಿಯಿತು ಎಂದು ಕೇಳುತ್ತದೆ. ಒಪ್ಪಂದ ಮಾಡಿಕೊಂಡ ಶಾಖೆಗಳಲ್ಲಿ ಟಪಾಲು ಬಂದ ದಿನ, ವಿಲೇವಾರಿಯಾದ ದಿನ ಎರಡನ್ನೂ ದಾಖಲಿಸಿ, ಹಿಂದಿನ ಸೆಮಿಸ್ಟರಿನೊಡನೆ ಹೋಲಿಸಿದರೆ ವಾದಕ್ಕೆ ಜಾಗವೇ ಇರುವುದಿಲ್ಲ.

ಇಡೀ ವಿಶ್ವವಿದ್ಯಾಲಯವನ್ನು ಒಂದೇ ದಿನ ಬದಲಿಸಿ ಎಂದು ನಾನು ಕೇಳುತ್ತಿಲ್ಲ. ಮುಂದಿನ ಸೆಮಿಸ್ಟರಿಗೆ ಎರಡು ಶಾಖೆಗಳನ್ನು ಆರಿಸಿ. ಒಂದು ಜನಸಂಪರ್ಕ ಹೆಚ್ಚಿರುವ ಪರೀಕ್ಷಾಂಗದಂಥದ್ದಿರಲಿ, ಇನ್ನೊಂದು ಲೆಕ್ಕಪತ್ರ ಶಾಖೆಯಂಥದ್ದಿರಲಿ. ಈಗಾಗಲೇ ಅಲ್ಲಿ ಬಾಯಿಮಾತಿನಲ್ಲಿ ನಡೆಯುತ್ತಿರುವ ಏರ್ಪಾಡುಗಳನ್ನು ಯಾರನ್ನೂ ದಂಡಿಸದೆ ಹಾಳೆಗೆ ಇಳಿಸಿ. ಸೆಮಿಸ್ಟರ್ ಮುಗಿದಾಗ ವಿಲೇವಾರಿಯ ಲೆಕ್ಕವನ್ನು ನೌಕರರ ಸಂಘದ ಮುಂದೆ, ವಿದ್ಯಾರ್ಥಿ ಪ್ರತಿನಿಧಿಗಳ ಮುಂದೆ ಇಡಿ. ಲೆಕ್ಕ ಚೆನ್ನಾಗಿದ್ದರೆ ಮೂರನೆಯ ಶಾಖೆಗೆ ವಿಸ್ತರಿಸಿ. ಚೆನ್ನಾಗಿಲ್ಲದಿದ್ದರೆ ನಿಲ್ಲಿಸಿ, ಯಾಕೆ ಎಂದು ಬರೆದಿಡಿ. ಅಧ್ಯಾಪಕರ ಮೇಲೆ ವಾರಕ್ಕೆ ಹತ್ತು ಗಂಟೆಯ ನಂಬಿಕೆ ಇಟ್ಟಿರುವ ಸಂಸ್ಥೆಗೆ, ತನ್ನ ಸಹಾಯಕರಿಗೆ ಒಂದು ದಿನದ ನಂಬಿಕೆಯನ್ನು ಬರೆದು ಕೊಟ್ಟು ನೋಡುವುದು ಭಾರವಾಗಲಾರದು.